ರಾತ್ರಿಯಿಡೀ ಚಾರ್ಜ್‌ಗೆ ಹಾಕಿ ಅಂದವರು ಯಾರು?

ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಸಲಹೆ ಕೊಡೋಕೆ ಯಾವ ಅರ್ಹತೆಯೂ ಬೇಕಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪ್ಲಗ್ ಹಿಡಿದು ನಿಂತರೆ ಸಾಕು, ಲಿಫ್ಟಿನ ಕಡೆ ಹೋಗುವವರೆಲ್ಲ ಒಂದೊಂದು ನಿಯಮ ಹೇಳಿ ಹೋಗ್ತಾರೆ. "ಎಂಬತ್ತಕ್ಕೆ ನಿಲ್ಲಿಸಿಬಿಡಿ ಸಾರ್." "ಪೂರ್ತಿ ಖಾಲಿ ಮಾಡಿ ಆಮೇಲೆ ಹಾಕ್ಬೇಕು, ಇಲ್ಲಾಂದ್ರೆ ಬ್ಯಾಟರಿ ಹಾಳಾಗುತ್ತೆ." "ದಿನಾ ರಾತ್ರಿ ಹಾಕಿ, ಬೆಳಗ್ಗೆ ತೆಗೀರಿ, ಅಷ್ಟೇ." "ವಾರಕ್ಕೊಂದು ಸಲ ನೂರು ಮಾಡ್ಲೇಬೇಕು."

ನಾಲ್ಕೂ ಒಂದಕ್ಕೊಂದು ಕೂಡುವುದಿಲ್ಲ. ಆದರೆ ನಾಲ್ಕರಲ್ಲಿ ಯಾವುದೂ ಯಾರೋ ಸುಮ್ಮನೆ ಕಟ್ಟಿದ ಕತೆಯಲ್ಲ. ಪ್ರತಿಯೊಂದೂ ಯಾವುದೋ ಕಾಲದಲ್ಲಿ, ಯಾವುದೋ ಬ್ಯಾಟರಿಗೋ ಇಲ್ಲವೇ ಯಾರದೋ ಅನುಕೂಲಕ್ಕೋ ಹುಟ್ಟಿದ್ದು. ಬ್ಯಾಟರಿ ಬದಲಾದರೂ ನಿಯಮ ಮಾತ್ರ ಬಾಯಿಂದ ಬಾಯಿಗೆ ಮುಂದೆ ಹೋಯಿತು. ಕಾರಿನ ಬೆಲೆಯಲ್ಲಿ ಬ್ಯಾಟರಿಯಷ್ಟು ದುಬಾರಿ ಭಾಗ ಇನ್ನೊಂದಿಲ್ಲ. ಇಎಂಐ ತೀರುವ ಹೊತ್ತಿಗೆ ಅದರಲ್ಲಿ ಎಷ್ಟು ಜೀವ ಉಳಿದಿರುತ್ತೆ ಅನ್ನೋದು ಲಕ್ಷಗಟ್ಟಲೆ ರೂಪಾಯಿಯ ಪ್ರಶ್ನೆ. ಹಾಗಾಗಿ ಯಾವ ನಿಯಮ ಎಲ್ಲಿಂದ ಬಂತು ಅಂತ ಸ್ವಲ್ಪ ಕೆದಕೋಣ.

ಶುರು ಮಾಡಬೇಕಾದ್ದು ಅಮೆರಿಕದಿಂದ, ಅದೂ 1900ರಿಂದ. ಆ ವರ್ಷ ಅಲ್ಲಿ ತಯಾರಾದ 4,192 ಕಾರುಗಳಲ್ಲಿ 1,575 ಎಲೆಕ್ಟ್ರಿಕ್, 1,681 ಹಬೆಯವು. ಪೆಟ್ರೋಲಿನವು ಬರೀ 936. ಎಲೆಕ್ಟ್ರಿಕ್ ಕಾರಿನ ಹೊಟ್ಟೆಯಲ್ಲಿದ್ದದ್ದು ಲೆಡ್-ಆಸಿಡ್ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಕಂಡುಹಿಡಿದದ್ದು, 1881ರಲ್ಲಿ ಕಮೀಲ್ ಫೋರ್ ಸುಧಾರಿಸಿದ್ದು. ನಮ್ಮ ಮನೆಯ ಯುಪಿಎಸ್ ಕೆಳಗೆ ಕೂತಿರುತ್ತಲ್ಲ, ಅದೇ ವಂಶ.

ಈ ಬ್ಯಾಟರಿಯ ಸ್ವಭಾವ ತಿಳಿದರೆ ಮೊದಲ ನಿಯಮ ತಾನಾಗಿಯೇ ಅರ್ಥವಾಗುತ್ತೆ. ಅದು ಖಾಲಿಯಾಗ್ತಾ ಹೋದಂತೆ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ಖಾಲಿಯಾಗಿಯೇ ವಾರಗಟ್ಟಲೆ ಬಿಟ್ಟಿರೋ, ಬೋರ್‌ವೆಲ್ ನೀರಿಗೆ ಗೀಸರ್ ಒಳಗೆ ಕಟ್ಟುವ ಬಿಳಿ ಪದರದ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಕರೆಂಟ್ ಕೊಟ್ಟರೂ ಆ ಭಾಗದ ಪ್ಲೇಟು ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಓಡಿಸಿ ಬಂದ ದಿನವೇ ಚಾರ್ಜ್‌ಗೆ ಹಾಕಬೇಕು, ಪೂರ್ತಿ ತುಂಬಬೇಕು, ಖಾಲಿ ಇಡಬಾರದು. ಹಾಗಂತ ತುಂಬಿದ ಮೇಲೂ ಕರೆಂಟ್ ಕೊಡ್ತಾನೇ ಇದ್ದರೆ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಗುಳ್ಳೆ ಏಳುತ್ತವೆ, ಪ್ಲೇಟಿನ ಪುಡಿ ಉದುರುತ್ತದೆ. ಅದಕ್ಕೇ ಗ್ಯಾರೇಜಿಗೆ ಗಾಳಿ ಆಡಬೇಕು, ಡಿಸ್ಟಿಲ್ಡ್ ವಾಟರ್ ಹಾಕ್ತಾ ಇರಬೇಕು, ಹೈಡ್ರೋಮೀಟರ್ ಅದ್ದಿ ಆಸಿಡ್ ಎಷ್ಟು ಗಟ್ಟಿಯಿದೆ ಅಂತ ನೋಡ್ತಾ ಇರಬೇಕು. ಹಸು ಸಾಕಿದಷ್ಟೇ ಕೆಲಸ.

ಇದನ್ನೆಲ್ಲ ಮನೆಯಲ್ಲಿ ಮಾಡೋದು ಹೇಗೆ? ಸಾರ್ವಜನಿಕ ಗ್ಯಾರೇಜುಗಳಿದ್ದವು, ಅಲ್ಲಿ ಕಾರು ಬಿಟ್ಟರೆ ಆಳುಗಳು ಚಾರ್ಜ್ ಮಾಡಿ ಕೊಡ್ತಿದ್ದರು. ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಅಂದವರಿಗೆ ಇನ್ನೊಂದು ತಲೆನೋವು. ಬ್ಯಾಟರಿಗೆ ಬೇಕಾದ್ದು ಡಿಸಿ. ಹೊಸ ಬಡಾವಣೆಗಳಿಗೆ ಬರ್ತಿದ್ದದ್ದು ಎಸಿ. ನಡುವೆ ಬೇಕಾದ ಸೇತುವೆಯನ್ನು 1902ರಲ್ಲಿ ಪೀಟರ್ ಕೂಪರ್ ಹೆವಿಟ್ ಕಂಡುಹಿಡಿದ. ಅದೇ ಮರ್ಕ್ಯುರಿ ಆರ್ಕ್ ರೆಕ್ಟಿಫೈಯರ್. ದೊಡ್ಡ ಗಾಜಿನ ಬುರುಡೆ, ತಳದಲ್ಲಿ ಪಾದರಸ, ಕರೆಂಟ್ ಹರಿದಾಗ ಒಳಗೆಲ್ಲ ನೀಲಿ-ನೇರಳೆ ಬೆಳಕು. ಜನರಲ್ ಎಲೆಕ್ಟ್ರಿಕ್ ಕಂಪನಿ ಇದನ್ನು ಪ್ಯಾನಲ್ಲಿಗೆ ಕೂರಿಸಿ ಮನೆಯ ಗ್ಯಾರೇಜುಗಳಿಗೆ ಮಾರಿತು. (ಶಿವನಸಮುದ್ರಕ್ಕೆ ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದೂ ಇದೇ ಕಂಪನಿ. ಅಲ್ಲಿಂದ 1905ರಲ್ಲಿ ಬೆಂಗಳೂರಿಗೆ ಕರೆಂಟ್ ಬಂದಾಗ ನಮಗೆ ಬೀದಿ ದೀಪವೇ ದೊಡ್ಡ ವಿಷಯ.) ಇವತ್ತು ಗೋಡೆಗೆ ಹಾಕಿಸಿಕೊಳ್ಳುವ 7.2 ಕಿಲೋವ್ಯಾಟ್ ಪೆಟ್ಟಿಗೆ ಬರೀ ಎಸಿಯನ್ನು ದಾಟಿಸುತ್ತದೆ. ಎಸಿಯನ್ನು ಡಿಸಿ ಮಾಡುವ ಆ ಗಾಜಿನ ಬುರುಡೆಯ ಕೆಲಸ ಈಗ ಕಾರಿನ ಒಳಗೇ ನಡೆಯುತ್ತದೆ.

ಹೆನ್ರಿ ಫೋರ್ಡ್ ಮಾಡೆಲ್ ಟಿ ಮಾಡಿ ಜಗತ್ತಿಗೆಲ್ಲ ಪೆಟ್ರೋಲ್ ಹಚ್ಚಿಸುತ್ತಿದ್ದಾಗ ಅವನ ಹೆಂಡತಿ ಕ್ಲಾರಾ ಓಡಿಸ್ತಾ ಇದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್. ಆಕೆಯ 1914ರ ಕಾರು ಇವತ್ತಿಗೂ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿನಲ್ಲಿದೆ. ಗಂಡನ ಕಾರಿನ ಬಗ್ಗೆ ಇದಕ್ಕಿಂತ ಖಡಕ್ ರಿವ್ಯೂ ಇನ್ನೇನು ಬೇಕು!

ಈಗ "ದಿನಾ ರಾತ್ರಿ ಹಾಕಿ" ಅನ್ನುವ ಮಾತಿಗೆ ಬರೋಣ. ಓಡಿಸಿದ ದಿನವೇ ಚಾರ್ಜ್ ಮಾಡಿ ಅನ್ನೋದು ಬ್ಯಾಟರಿಯ ಬೇಡಿಕೆ, ಸರಿ. ಆದರೆ ರಾತ್ರಿಯೇ ಯಾಕೆ? ಆ ಕಾಲದ ವಿದ್ಯುತ್ ಕಂಪನಿಗಳ ಲೆಕ್ಕ ನೋಡಿ. ಸಂಜೆ ಎಲ್ಲರೂ ದೀಪ ಹಾಕುವಾಗ ಜನರೇಟರುಗಳಿಗೆ ಉಸಿರು ಕಟ್ಟುತ್ತದೆ, ಮಧ್ಯರಾತ್ರಿ ದಾಟಿದರೆ ಅವಕ್ಕೆ ಕೆಲಸವೇ ಇಲ್ಲ. ಸಂಜೆಯ ಆ ಎರಡು-ಮೂರು ಗಂಟೆಗಾಗಿ ಬಂಡವಾಳ ಹಾಕಿ ಕೂರಿಸಿದ ಯಂತ್ರ ಉಳಿದ ಹೊತ್ತು ಸುಮ್ಮನೆ ಕೂತರೆ ನಷ್ಟ. ಎಲೆಕ್ಟ್ರಿಕ್ ಕಾರು ಅವರ ಪಾಲಿಗೆ ರಾತ್ರಿ ಹೊತ್ತು ಬರುವ ಬಂಗಾರದಂಥ ಗಿರಾಕಿ. 1910ರಲ್ಲಿ ಅಮೆರಿಕದಲ್ಲಿ ಎಲೆಕ್ಟ್ರಿಕ್ ವಾಹನಗಳ ಪ್ರಚಾರಕ್ಕೆಂದು ಒಂದು ಸಂಘವೇ ಹುಟ್ಟಿತು. ಅದರಲ್ಲಿ ಕಾರು ಕಂಪನಿಗಳ ಜೊತೆ ವಿದ್ಯುತ್ ಕಂಪನಿಗಳೂ ಕೂತಿದ್ದವು. ರಾತ್ರಿ ಪ್ಲಗ್ ಹಾಕುವ ಅಭ್ಯಾಸದ ಹಿಂದೆ ಬ್ಯಾಟರಿಯಷ್ಟೇ ಕರೆಂಟ್ ಬಿಲ್ ಕಳಿಸುವವರೂ ಇದ್ದರು.

ಈ ಹಸು ಸಾಕುವ ಕೆಲಸದಿಂದ ಜನರನ್ನು ಬಿಡಿಸಲು ಇಬ್ಬರು ಎರಡು ದಾರಿ ಹುಡುಕಿದರು. ಒಬ್ಬ ಎಡಿಸನ್. 1901ರಲ್ಲಿ ಬ್ಯಾಟರಿಗೆಂದೇ ಒಂದು ಕಂಪನಿ ಕಟ್ಟಿದ. ಸೀಸ, ಆಸಿಡ್ ಎರಡನ್ನೂ ಬಿಟ್ಟು ನಿಕಲ್, ಕಬ್ಬಿಣ, ಕ್ಷಾರ ಹಿಡಿದ. ಖಾಲಿ ಬಿಡಿ, ಮರೆತು ರಾತ್ರಿಯಿಡೀ ಚಾರ್ಜ್ ಮಾಡಿ, ತಿಂಗಳುಗಟ್ಟಲೆ ಮುಟ್ಟದೆ ಇಡಿ, ಇದು ಹಾಳಾಗಲ್ಲ ಅನ್ನೋದು ಅವನ ಗುರಿ. ಮಾರುಕಟ್ಟೆಗೆ ಬಂದ ಮೊದಲ ಸೆಲ್‌ಗಳು ಸೋರಿದವು, ಶಕ್ತಿ ಕಳೆದುಕೊಂಡವು. ಅಷ್ಟನ್ನೂ ವಾಪಸ್ ತರಿಸಿ ಮತ್ತೆ ವರ್ಷಗಟ್ಟಲೆ ಕೂತ. 1909-10ರ ಹೊತ್ತಿಗೆ ಹೊರಬಂದ ಬ್ಯಾಟರಿ ನಿಜಕ್ಕೂ ಕಲ್ಲುಗುಂಡು. ಆದರೆ ದುಬಾರಿ, ಚಳಿಯಲ್ಲಿ ಮಂಕು. ಜೊತೆಗೆ ಅಷ್ಟರಲ್ಲಿ ಮಾಡೆಲ್ ಟಿ ಬಂದಾಗಿತ್ತು. 1912ರಲ್ಲಿ ಕ್ಯಾಡಿಲಾಕ್ ಕೈಯಿಂದ ತಿರುವುವ ಹ್ಯಾಂಡಲ್ ತೆಗೆದು ಎಲೆಕ್ಟ್ರಿಕ್ ಸ್ಟಾರ್ಟರ್ ಕೂರಿಸಿತು. ಎಲೆಕ್ಟ್ರಿಕ್ ಕಾರನ್ನು ಮುಗಿಸಿದ್ದರಲ್ಲಿ ಬ್ಯಾಟರಿಯದೇ ದೊಡ್ಡ ಕೈವಾಡ ಅಂತ ನನಗನಿಸೋದು ಇದಕ್ಕೇ: ಅದು ಪಕ್ಷ ಬದಲಿಸಿ ಪೆಟ್ರೋಲ್ ಕಾರಿನ ಬಾನೆಟ್ ಕೆಳಗೆ ಹೋಗಿ ಕೂತಿತು. ಎಡಿಸನ್ನನ ಬ್ಯಾಟರಿಗೆ ಸಿಕ್ಕಿದ್ದು ಗಣಿ ಕಾರ್ಮಿಕರ ತಲೆದೀಪ, ರೈಲ್ವೆ ಸಿಗ್ನಲ್ಲುಗಳ ಕೆಲಸ.

ಇನ್ನೊಂದು ದಾರಿ ಹಾರ್ಟ್‌ಫರ್ಡ್ ಎಲೆಕ್ಟ್ರಿಕ್ ಲೈಟ್ ಕಂಪನಿಯದು, ಕನೆಕ್ಟಿಕಟ್ ರಾಜ್ಯದಲ್ಲಿ. ಅವರ ಆಲೋಚನೆ ಸರಳ: ಬ್ಯಾಟರಿಯನ್ನು ಗಿರಾಕಿಯ ಕೈಗೆ ಕೊಟ್ಟರೆ ತಾನೇ ಅವನು ಹಾಳು ಮಾಡೋದು? ಲಾರಿಯನ್ನು ಬ್ಯಾಟರಿ ಇಲ್ಲದೆ ಕೊಳ್ಳಿ. ಬ್ಯಾಟರಿ ನಮ್ಮದು, ಖಾಲಿಯಾದದ್ದನ್ನು ಬಿಚ್ಚಿ ತುಂಬಿದ್ದನ್ನು ಹಾಕಿ ಕಳಿಸ್ತೀವಿ. ತಿಂಗಳಿಗಿಷ್ಟು ಶುಲ್ಕ, ಓಡಿಸಿದ ಮೈಲಿಗಿಷ್ಟು ದುಡ್ಡು. 1910ರಿಂದ 1924ರವರೆಗೆ ಈ ವ್ಯವಸ್ಥೆಯಲ್ಲಿ 60 ಲಕ್ಷ ಮೈಲಿಗೂ ಹೆಚ್ಚು ಗಾಡಿ ಓಡಿದವು. 2024ರಲ್ಲಿ ಎಂಜಿ ವಿಂಡ್ಸರ್ ನಮ್ಮಲ್ಲಿ ಬಂದಾಗ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ 3.5 ರೂಪಾಯಿ ಅಂದರಲ್ಲ, ಹೊಸ ಐಡಿಯಾ ಅಂತ ಎಲ್ಲರೂ ಕಣ್ಣರಳಿಸಿದರಲ್ಲ, ಅದರ ಮುತ್ತಜ್ಜ ಇವನು. ಒಂದೇ ವ್ಯತ್ಯಾಸ, ಹಾರ್ಟ್‌ಫರ್ಡ್‌ನಲ್ಲಿ ಚಾರ್ಜ್ ಮಾಡುವವರೂ ಅವರೇ. ನಮ್ಮಲ್ಲಿ ಬಾಡಿಗೆ ಬ್ಯಾಟರಿಗೂ ರಾತ್ರಿ ಪ್ಲಗ್ ಹಾಕುವವರು ನಾವೇ.

ಮುಂದಿನ ಸುಮಾರು ಅರವತ್ತು-ಎಪ್ಪತ್ತು ವರ್ಷ ಬೇಗ ದಾಟಿಬಿಡಬಹುದು. ಬ್ರಿಟನ್ನಿನ ಹಾಲಿನ ಗಾಡಿಗಳು, ಕಾರ್ಖಾನೆಯ ಫೋರ್ಕ್‌ಲಿಫ್ಟುಗಳು ಲೆಡ್-ಆಸಿಡ್ ನಿಯಮಗಳನ್ನು ಪಾಲಿಸ್ತಾ ಬಂದವು. ಮನೆಯಲ್ಲಿ ಕಾರಿಗೆ ಪ್ಲಗ್ ಹಾಕುವ ಅಭ್ಯಾಸ ಭಾರತದಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರಲ್ಲಿ. ಚೇತನ್ ಮೈನಿ ಅವರ ರೇವಾ. ಎರಡು ಬಾಗಿಲಿನ, ಆಟಿಕೆಯಂಥ ಕಾರು. ಮುಂದಿನ ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿ. ಮನೆಯ 15 ಆಂಪ್ ಸಾಕೆಟ್ಟಿಗೆ ಹಾಕಿದರೆ ಎಂಟು ಗಂಟೆಯಲ್ಲಿ ತುಂಬ್ತಿತ್ತು, ಹೆಚ್ಚೆಂದರೆ 80 ಕಿಲೋಮೀಟರ್ ಹೋಗ್ತಿತ್ತು. ಬಹಳ ಜನ ನಕ್ಕರು. ಅದೇ ಕಾರು ಜಿ-ವಿಜ್ ಅಂತ ಹೆಸರು ಬದಲಿಸಿಕೊಂಡು ಲಂಡನ್ನಿಗೆ ಹೋಗಿ ಕಂಜೆಶ್ಚನ್ ಚಾರ್ಜ್ ಕಟ್ಟದೆ ಓಡಾಡಿತು.

ರೇವಾ ಕೊಂಡ ಬೆಂಗಳೂರಿಗನಿಗೆ ಚಾರ್ಜಿಂಗ್ ಹೊಸ ವಿದ್ಯೆಯೇನೂ ಆಗಿರಲಿಲ್ಲ. ಲೋಡ್ ಶೆಡ್ಡಿಂಗ್ ಕಾಲದ ಊರು. ಮನೆಯಲ್ಲಿ ಆಗಲೇ ಯುಪಿಎಸ್ ಇತ್ತು, ಅದಕ್ಕೆ ನೀರು ಹಾಕೋದು ಗೊತ್ತಿತ್ತು, ಬ್ಯಾಟರಿ ಖಾಲಿ ಬಿಡಬಾರದು ಅನ್ನೋದೂ ಗೊತ್ತಿತ್ತು. "ತುಂಬಿಸಿ ಇಡಿ" ಅನ್ನೋ ನಿಯಮ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿರೋದು ಆ ಯುಪಿಎಸ್‌ನಿಂದಲೇ ಅನ್ನೋದು ನನ್ನ ಗುಮಾನಿ.

ಇದಕ್ಕೆ ವಿರುದ್ಧವಾದ "ಪೂರ್ತಿ ಖಾಲಿ ಮಾಡಿ ಹಾಕಿ" ಬಂದದ್ದು ಇನ್ನೊಂದು ಬಾಗಿಲಿನಿಂದ. ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಬುದ್ಧಿ. ಅದನ್ನು ಪ್ರತಿಸಲ ಅರ್ಧಕ್ಕೇ ಚಾರ್ಜ್ ಮಾಡ್ತಾ ಹೋದರೆ ಅರ್ಧದ ನಂತರ ವೋಲ್ಟೇಜ್ ಕುಸಿಯುತ್ತದೆ, ಇಷ್ಟೇ ನನ್ನ ಕೆಲಸ ಅಂತ ನೆನಪಿಟ್ಟುಕೊಂಡ ಹಾಗೆ. ಹಳೇ ಕಾರ್ಡ್‌ಲೆಸ್ ಫೋನು, ಕ್ಯಾಮ್‌ಕಾರ್ಡರ್, ಮೊದಮೊದಲ ಮೊಬೈಲುಗಳ ಕಾಲದಲ್ಲಿ ಅಂಗಡಿಯವರು "ಮೊದಲ ಸಲ ಎಂಟು ಗಂಟೆ ಹಾಕಿ, ಆಮೇಲೆ ಪೂರ್ತಿ ಖಾಲಿ ಆಗೋವರೆಗೂ ಮುಟ್ಬೇಡಿ" ಅಂತಿದ್ದರು. ಬ್ಯಾಟರಿ ಹೋಯಿತು, ಅಂಗಡಿಯವರ ಮಾತು ಉಳಿಯಿತು. ಲಿಥಿಯಂ ಬ್ಯಾಟರಿಗೆ ಪದೇಪದೇ ಪೂರ್ತಿ ಖಾಲಿ ಮಾಡೋದು ಉಪಕಾರವಲ್ಲ, ಉಪದ್ರವ. ಬೇಸ್‌ಮೆಂಟಿನ ನಾಲ್ಕು ಸಲಹೆಗಳಲ್ಲಿ ಕಿವಿಯಿಂದಲೇ ಹೊರಗೆ ಬಿಡಬೇಕಾದ್ದು ಇದೊಂದನ್ನೇ.

1991ರಲ್ಲಿ ಸೋನಿ ಮಾರಾಟಕ್ಕೆ ತಂದ ಲಿಥಿಯಂ-ಅಯಾನ್ ಬ್ಯಾಟರಿ ಎಲ್ಲ ಲೆಕ್ಕವನ್ನೂ ತಿರುಗುಮುರುಗು ಮಾಡಿತು. ಲೆಡ್-ಆಸಿಡ್‌ಗೆ ಖಾಲಿ ಇರುವುದು ಕಷ್ಟ. ಇದಕ್ಕೆ ತುಂಬಿರುವುದೂ ಕಷ್ಟ. ತುಂಬಿದ ಕೊಡ ತಲೆ ಮೇಲೆ ಹೊತ್ತು ನಿಂತ ಹಾಗೆ. ನಡೆದಾಡಿ ಇಳಿಸಿದರೆ ಪರವಾಗಿಲ್ಲ, ಗಂಟೆಗಟ್ಟಲೆ ನಿಂತರೆ ಕುತ್ತಿಗೆ ಹೋಗುತ್ತೆ. ಪೂರ್ತಿ ಚಾರ್ಜ್ ಆದಾಗ ಒಳಗಿನ ವೋಲ್ಟೇಜ್ ಹೆಚ್ಚು, ಆಗ ಎಲೆಕ್ಟ್ರೋಲೈಟ್ ನಿಧಾನವಾಗಿ ಕೆಡುತ್ತಾ ಬರುತ್ತದೆ, ಓಡಾಡಬೇಕಾದ ಲಿಥಿಯಂ ಸ್ವಲ್ಪ ಸ್ವಲ್ಪವೇ ಪದರಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬಿಸಿಲು ಸೇರಿದರೆ ಇದೆಲ್ಲ ಇನ್ನೂ ಜೋರು. ಕಾರು ಓಡಿಸದೆ ನಿಲ್ಲಿಸಿದ್ದರೂ ಸವೆತ ನಿಲ್ಲುವುದಿಲ್ಲ.

ಇದು ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿತ್ತು. 2010ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಎರಡು ಕಾರು ಒಟ್ಟಿಗೇ ಗಿರಾಕಿಗಳ ಕೈ ಸೇರಿದವು. ಒಂದು ಷೆವರ್ಲೆ ವೋಲ್ಟ್. ಪ್ಲಗ್ ಹಾಕಿ ಚಾರ್ಜ್ ಮಾಡಿ, ಬ್ಯಾಟರಿ ಮುಗಿದ ಮೇಲೆ ಪೆಟ್ರೋಲ್ ಎಂಜಿನ್ನಿನ ನೆರವಿನಿಂದ ಓಡುವಂಥದ್ದು. ಅದರಲ್ಲಿದ್ದದ್ದು 16 ಕಿಲೋವ್ಯಾಟ್-ಗಂಟೆಯ ಬ್ಯಾಟರಿ, ಬಳಸಲು ಬಿಟ್ಟದ್ದು ಸುಮಾರು 10. ಮೇಲೂ ಕೆಳಗೂ ಜಾಗ ಖಾಲಿ ಬಿಟ್ಟು, ಮಾಲೀಕನಿಗೆ ಅಭ್ಯಾಸ ಕಲಿಸುವ ಗೋಜಿಗೇ ಹೋಗಲಿಲ್ಲ. ಇನ್ನೊಂದು ನಿಸ್ಸಾನ್ ಲೀಫ್. ಅದು ಮಾಲೀಕನನ್ನು ನಂಬಿತು. 80ಕ್ಕೆ ನಿಲ್ಲಿಸುವ ಆಯ್ಕೆ ಕೊಟ್ಟು, ಬ್ಯಾಟರಿ ಹೆಚ್ಚು ಕಾಲ ಬಾಳಬೇಕಾದರೆ ಇದನ್ನು ಬಳಸಿ ಅಂದಿತು. ಇವತ್ತು ಎಲ್ಲರ ಬಾಯಲ್ಲಿರುವ "ಎಂಬತ್ತು" ಜನಸಾಮಾನ್ಯರ ಮನೆಗೆ ಕಾಲಿಟ್ಟದ್ದು ಹೀಗೆ.

ಲೀಫ್‌ನ ಬ್ಯಾಟರಿಗೆ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ. ಅರಿಜೋನಾದ ಬೇಸಿಗೆ ಅಂದರೆ ನಮ್ಮ ಕಲಬುರಗಿ, ರಾಯಚೂರಿನ ಮೇ ತಿಂಗಳನ್ನೂ ಮೀರಿಸುವಂಥದ್ದು. 2012ರಲ್ಲಿ ಅಲ್ಲಿನ ಮಾಲೀಕರು ಡ್ಯಾಶ್‌ಬೋರ್ಡಿನ ಸಾಮರ್ಥ್ಯದ 12 ಗೆರೆಗಳು ಒಂದೊಂದಾಗಿ ಮಾಯವಾಗೋದನ್ನು ಕಂಡರು. ಕೋರ್ಟಿಗೂ ಹೋದರು. ಆ ವರ್ಷದ ಕೊನೆಗೆ ನಿಸ್ಸಾನ್ ಹೊಸ ವಾರಂಟಿ ಘೋಷಿಸಿತು: 5 ವರ್ಷ ಅಥವಾ 60,000 ಮೈಲಿಯೊಳಗೆ ಗೆರೆಗಳು 9ಕ್ಕಿಂತ ಕೆಳಗಿಳಿದರೆ ಸರಿ ಮಾಡಿಕೊಡ್ತೀವಿ ಅಂತ. ಇವತ್ತು ನಾವು ಶೋರೂಮಿನಲ್ಲಿ ಕೇಳುವ ಬ್ಯಾಟರಿ ವಾರಂಟಿಯ ಮಾತು ಹೀಗೆ ಜಗಳ ಆಡಿ ಪಡೆದದ್ದು.

ಆದರೆ ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರ ಅನಿಸೋದು ಮುಂದಿನ ಭಾಗ. 2013ರಲ್ಲಿ ಅಮೆರಿಕದ ಪರಿಸರ ಇಲಾಖೆ ಇಪಿಎ ಹೀಗೆ ಲೆಕ್ಕ ಹಾಕಿತು: ಕಾರಿನಲ್ಲಿ 80ಕ್ಕೆ ನಿಲ್ಲಿಸುವ ಆಯ್ಕೆ ಇದೆಯಾ? ಹಾಗಾದರೆ ಅರ್ಧ ಜನ ಅದನ್ನು ಬಳಸ್ತಾರೆ ಅಂದುಕೊಳ್ಳೋಣ. ಪೂರ್ತಿ ತುಂಬಿದರೆ 84 ಮೈಲಿ, 80ಕ್ಕೆ 66 ಮೈಲಿ, ಸರಾಸರಿ 75. ಕಾರಿನ ಗಾಜಿಗೆ ಅಂಟಿಸುವ ಸ್ಟಿಕ್ಕರಿನಲ್ಲಿ 75 ಅಂತಲೇ ಬರೆಯಬೇಕಾಯಿತು. ಮುಂದಿನ ವರ್ಷ ನಿಸ್ಸಾನ್ ಏನು ಮಾಡಿತು ಗೊತ್ತಾ? ಅಮೆರಿಕದ ಕಾರುಗಳಲ್ಲಿ 80ರ ಆಯ್ಕೆಯನ್ನೇ ತೆಗೆದುಹಾಕಿತು. ಸ್ಟಿಕ್ಕರ್ 84ಕ್ಕೆ ಏರಿತು. ಬ್ಯಾಟರಿಗೆ ಒಳ್ಳೆಯದಾದ ಒಂದು ಅಭ್ಯಾಸವನ್ನು ಒಂದು ಸರಾಸರಿ ಲೆಕ್ಕ ನುಂಗಿಹಾಕಿತು.

ಉಳಿದದ್ದು "ವಾರಕ್ಕೊಂದು ಸಲ ನೂರು." ಇದು ಎಲ್ಲಕ್ಕಿಂತ ಎಳೆಯ ನಿಯಮ, ಹುಟ್ಟಿದ್ದು ಎಲ್‌ಎಫ್‌ಪಿ ಬ್ಯಾಟರಿಯಿಂದ. ಲಿಥಿಯಂ, ಕಬ್ಬಿಣ, ಫಾಸ್ಫೇಟ್. 1997ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂದ ಮೂಲ ಪ್ರಬಂಧಕ್ಕೆ ಮೂವರ ಸಹಿ: ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ಮೂರನೆಯವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು. ನಡುವಿನ ಹೆಸರು ಓದಿದ ಯಾವ ಕನ್ನಡಿಗನೂ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾರ. ನೆಕ್ಸಾನ್ ಇವಿ, ವಿಂಡ್ಸರ್ ಸೇರಿ ನಮ್ಮ ರಸ್ತೆಯ ಬಹಳಷ್ಟು ಎಲೆಕ್ಟ್ರಿಕ್ ಕಾರುಗಳಲ್ಲಿರೋದು ಈ ಬಗೆಯ ಬ್ಯಾಟರಿಯೇ.

ಎಲ್‌ಎಫ್‌ಪಿ ಗಟ್ಟಿಮುಟ್ಟು, ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ದೀರ್ಘಾಯುಷಿ. ಒಂದೇ ತೊಂದರೆ, ಅದರ ವೋಲ್ಟೇಜ್ ತುಂಬಿದಾಗಲೂ ಅರ್ಧವಿದ್ದಾಗಲೂ ಹೆಚ್ಚುಕಡಿಮೆ ಒಂದೇ. ಹೊರಗಿನಿಂದ ನೋಡಿ ಎಷ್ಟಿದೆ ಅಂತ ಹೇಳೋಕಾಗಲ್ಲ. ತಾರಸಿಯ ಮೇಲಿನ ಕಪ್ಪು ಟ್ಯಾಂಕಿನ ಹಾಗೆ, ತುಂಬಿ ಪೈಪಿನಿಂದ ನೀರು ಸುರಿದಾಗಲೇ ತುಂಬಿದೆ ಅಂತ ಖಾತ್ರಿ. ಕಾರಿನ ಕಂಪ್ಯೂಟರು ದಿನಾ ಅಂದಾಜು ಲೆಕ್ಕ ಹಾಕ್ತಾ ಹಾಕ್ತಾ ದಾರಿ ತಪ್ಪುತ್ತದೆ. ವಾರಕ್ಕೊಮ್ಮೆ ನೂರು ಮುಟ್ಟಿಸಿದರೆ ಅದು ತನ್ನ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಇದರಲ್ಲಿ ಮೀಟರಿಗೆ ಹಿತ ಇದೆ, ಇಲ್ಲದಿದ್ದರೆ 15 ತೋರಿಸುವ ಕಾರು ನೈಸ್ ರೋಡಿನ ಮಧ್ಯೆ ದಿಢೀರಂತ ನಿಂತೀತು. ಆದರೆ ಬ್ಯಾಟರಿಗೆ ಹಿತವೋ? 2024ರಲ್ಲಿ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಜೆಫ್ ಡಾನ್ ಅವರ ತಂಡ ಎಲ್‌ಎಫ್‌ಪಿ ಸೆಲ್‌ಗಳನ್ನು ಬೇರೆಬೇರೆ ಮಟ್ಟದಲ್ಲಿ ತುಂಬಿಸಿ ಇಳಿಸಿ ನೋಡಿತು. ತುಂಬಿದ ಮಟ್ಟದ ಹತ್ತಿರವೇ ಓಡಾಡಿದ ಸೆಲ್‌ಗಳು ಬೇಗ ಸವೆದವು. ಹಾಗಾಗಿ "ಎಲ್‌ಎಫ್‌ಪಿ ತಾನೇ, ದಿನಾ ನೂರು ಮಾಡಿ" ಅನ್ನೋದು ವಾರಕ್ಕೊಮ್ಮೆಯ ಮಾತನ್ನು ಹಿಗ್ಗಿಸಿ ಹೇಳಿದ್ದು. ನಿಮ್ಮ ಕಾರಿನ ಕೈಪಿಡಿ ವಾರಕ್ಕೊಮ್ಮೆ ಅಂದಿದ್ದರೆ ವಾರಕ್ಕೊಮ್ಮೆಯೇ, ಅದೂ ಮರುದಿನ ದೂರ ಹೋಗುವುದಿದ್ದಾಗ ಮಾಡಿಕೊಂಡರೆ ಎರಡೂ ಕೆಲಸ ಆಗುತ್ತೆ.

ಇತ್ತ ರಾತ್ರಿ ಚಾರ್ಜಿಂಗ್‌ನ ಹಳೆಯ ಪೋಷಕರೂ ಮನಸ್ಸು ಬದಲಿಸಿದ್ದಾರೆ. ಕೇಂದ್ರ ಸರ್ಕಾರ 2023ರಲ್ಲಿ ವಿದ್ಯುತ್ ಗ್ರಾಹಕರ ನಿಯಮಗಳಿಗೆ ತಂದ ತಿದ್ದುಪಡಿ ಪ್ರಕಾರ, ಸ್ಮಾರ್ಟ್ ಮೀಟರ್ ಇದ್ದಲ್ಲಿ ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ 20 ಶೇಕಡ ಕಡಿಮೆ ಇರಬೇಕು, ಹೆಚ್ಚು ಬೇಡಿಕೆಯ ಹೊತ್ತಿನ ದರ ಅದಕ್ಕಿಂತ ಜಾಸ್ತಿ. ಪಾವಗಡದಂಥ ಸೋಲಾರ್ ಪಾರ್ಕುಗಳಿರುವ ರಾಜ್ಯದಲ್ಲಿ ಈಗ ಗಿರಾಕಿ ಬೇಕಾಗಿರೋದು ಮಧ್ಯಾಹ್ನಕ್ಕೆ. ವರ್ಕ್ ಫ್ರಮ್ ಹೋಮ್ ಇರುವ ದಿನ ಹಗಲಲ್ಲಿ ಪ್ಲಗ್ ಹಾಕುವವರು ಈ ಲೆಕ್ಕದಲ್ಲಿ ಬುದ್ಧಿವಂತರು. ರಾತ್ರಿಯೇ ಹಾಕೋರು ಆಫೀಸಿಂದ ಬಂದ ತಕ್ಷಣ ಹಾಕದೆ, ಬೆಳಗ್ಗೆ ಹೊರಡೋ ಹೊತ್ತಿಗೆ ಸರಿಯಾಗಿ ಮುಗಿಯುವ ಹಾಗೆ ಆ್ಯಪ್‌ನಲ್ಲಿ ಟೈಮರ್ ಇಡಬಹುದು. ರಾತ್ರಿ ಹನ್ನೊಂದಕ್ಕೇ ತುಂಬಿ ಬೆಳಗ್ಗೆ ಎಂಟರವರೆಗೆ ಕೊಡ ಹೊತ್ತು ನಿಲ್ಲೋದಾದರೂ ತಪ್ಪುತ್ತೆ.

ಇಷ್ಟು ದಿನ ಇದೆಲ್ಲ ಮಾಲೀಕ ಮತ್ತು ಬ್ಯಾಟರಿಯ ನಡುವಿನ ಗುಟ್ಟಾಗಿತ್ತು. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ 2027ರ ಫೆಬ್ರವರಿಯಿಂದ ಅಲ್ಲಿ ಮಾರುವ ಎಲೆಕ್ಟ್ರಿಕ್ ಕಾರಿನ ಹೊಸ ಬ್ಯಾಟರಿಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ. ಬ್ಯಾಟರಿಯ ಆರೋಗ್ಯದ ಲೆಕ್ಕಕ್ಕೂ ಅದರಲ್ಲಿ ಜಾಗವಿದೆ. ನಮ್ಮಲ್ಲೂ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ನೋಡೋಕೆ ಬರುವವರು ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳೋಕೆ ಮುಂಚೆ ಬ್ಯಾಟರಿ ಎಷ್ಟು ಪರ್ಸೆಂಟ್ ಉಳಿದಿದೆ ಅಂತ ಕೇಳ್ತಾರೆ. ಆಮೇಲೆ ಬಗ್ಗಿ ಚಾರ್ಜಿಂಗ್ ಪೋರ್ಟ್ ನೋಡಿ, ಎರಡನೇ ಪ್ರಶ್ನೆ: "ಮನೇಲೇ ಹಾಕ್ತಿದ್ರಾ, ಹೊರಗಾ?"